ನೀವು ಊರಲ್ಲಿಲ್ಲದಾಗ ನಿಮ್ಮ ಬೆಕ್ಕು: ಹೊರಡುವ ಮೊದಲು, ಹೋದ ಮೇಲೆ, ಬಂದ ಮೇಲೆ

ಅಮ್ಮನಿಗೆ ಮಂಡಿ ಆಪರೇಷನ್ ಆದಾಗ ನಾವು 11 ದಿನ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದೆವು. ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ರೇಷ್ಮೆ ಹುಳು ಸಾಕುವ ಮನೆ. ಹುಳು ಮನೆಗೆ ಇಲಿ ನುಗ್ಗಿದರೆ ಕಷ್ಟ, ಅದಕ್ಕೆ ನಮ್ಮ ಕಡೆ ಬೆಕ್ಕು ಸಾಕುವವರು ಜಾಸ್ತಿ. ನಮ್ಮ ಬೆಕ್ಕಿನ ಹೆಸರು ಬೂದಿ. ಮೈಯೆಲ್ಲ ಬೂದಿ ಬಣ್ಣ, ಎದೆಯ ಮೇಲೆ ಒಂದು ಬಿಳಿ ಮಚ್ಚೆ.

ಬೆಕ್ಕಿಗೇನು, ಹೇಗೋ ಇರುತ್ತದೆ ಅಂದುಕೊಂಡೇ ಹೊರಟೆವು. ದಿನಾ ಒಂದು ಹಿಡಿ ಅನ್ನ ಹಾಕಿ ಅಂತ ಪಕ್ಕದ ಮನೆ ಅಕ್ಕನಿಗೆ ಹೇಳಿದ್ದೆ, ಅಷ್ಟೇ. ಮೂರನೇ ದಿನ ಅಕ್ಕ ಫೋನ್ ಮಾಡಿದರು. "ನಿಮ್ಮ ಬೆಕ್ಕು ಏನೂ ಮುಟ್ತಿಲ್ಲ ಕಣಮ್ಮ. ಸಾಯಂಕಾಲ ಆದ್ರೆ ಗೇಟ್ ಹತ್ರ ಕೂತ್ಕೊಂಡು ತೋಟದ ದಾರೀನೇ ನೋಡ್ತಿರುತ್ತೆ."

ಅಮ್ಮ ಹಿಪ್ಪುನೇರಳೆ ಸೊಪ್ಪು ಕೊಯ್ದುಕೊಂಡು ತೋಟದಿಂದ ಬರುವ ಹೊತ್ತು ಅದು.

ನಾಯಿಗೆ ಯಜಮಾನ ಮುಖ್ಯ, ಬೆಕ್ಕಿಗೆ ಮನೆ ಮುಖ್ಯ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ. ಈಗ ನನಗೆ ಅನ್ನಿಸುವುದು ಬೇರೆ. ಬೆಕ್ಕಿಗೆ ಮನೆಯೂ ಬೇಕು, ಆ ಮನೆಯಲ್ಲಿ ತನ್ನ ಮನುಷ್ಯರೂ ಬೇಕು. ಎರಡನ್ನೂ ಒಟ್ಟಿಗೇ ಕಿತ್ತುಕೊಂಡರೆ ಅದು ಕಂಗೆಡುತ್ತದೆ. ನೀವು ಹೋಗಲೇಬೇಕು ಅಂದರೆ ಮನೆಯನ್ನಾದರೂ ಉಳಿಸಿ, ಜೊತೆಗೆ ನಿಮ್ಮ ವಾಸನೆಯನ್ನು ಉಳಿಸಿ. ಮುಂದೆ ಬರೆದಿರುವುದೆಲ್ಲ ಅದನ್ನು ಹೇಗೆ ಮಾಡುವುದು ಅನ್ನುವುದರ ಬಗ್ಗೆ.

ಮೊದಲು, ನಿಮ್ಮ ಬೆಕ್ಕು ನಿಮ್ಮನ್ನು ಎಷ್ಟು ಹಚ್ಚಿಕೊಂಡಿದೆ ಅಂತ ನೋಡಿ

ಎಲ್ಲ ಬೆಕ್ಕುಗಳೂ ಒಂದೇ ಥರ ಇರುವುದಿಲ್ಲ. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದವರು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೆಕ್ಕಿನ ಮರಿಯನ್ನೂ ಅದನ್ನು ಸಾಕಿದವರನ್ನೂ ಗೊತ್ತಿಲ್ಲದ ಕೋಣೆಯಲ್ಲಿ 2 ನಿಮಿಷ ಒಟ್ಟಿಗೆ ಬಿಟ್ಟರು. ಆಮೇಲೆ 2 ನಿಮಿಷ ಮರಿ ಒಂದೇ. ಮತ್ತೆ 2 ನಿಮಿಷ ಸಾಕಿದವರ ಜೊತೆ. ನೂರಕ್ಕೆ ಸುಮಾರು 64 ಮರಿಗಳು ಅವರು ವಾಪಸ್ ಬಂದ ತಕ್ಷಣ ಸಮಾಧಾನವಾದವು. ಹತ್ತಿರ ಬಂದು ಮೈ ಉಜ್ಜಿ, ಮತ್ತೆ ಆರಾಮಾಗಿ ಕೋಣೆ ನೋಡಲು ಹೋದವು. ಉಳಿದವು ಒಂದೋ ಬಿಡದೆ ಅಂಟಿಕೊಂಡವು, ಇಲ್ಲವೇ ದೂರವೇ ಉಳಿದವು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 2015ರಲ್ಲಿ ಇಂಥದ್ದೇ ಪರೀಕ್ಷೆ ಮಾಡಿ, ದೊಡ್ಡ ಬೆಕ್ಕುಗಳು ಧೈರ್ಯಕ್ಕಾಗಿ ಮಾಲೀಕರನ್ನೇ ನೆಚ್ಚಿಕೊಂಡಿವೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ ಅಂದಿದ್ದರು. ಅಂದರೆ ತಿಳಿದವರಲ್ಲೂ ಇದರ ಬಗ್ಗೆ ಒಂದೇ ಮಾತಿಲ್ಲ. ಅದಕ್ಕೇ ನಿಮ್ಮ ಬೆಕ್ಕನ್ನು ನೀವೇ ಗಮನಿಸುವುದು ಒಳ್ಳೆಯದು.

ನೀವು ಒಂದು ರೂಮಿನಿಂದ ಇನ್ನೊಂದಕ್ಕೆ ಹೋದರೆ ಹಿಂದೆ ಬರುತ್ತದಾ? ಹೊರಗಿನಿಂದ ಬಂದಾಗ ಬಾಲ ನೆಟ್ಟಗೆ ಎತ್ತಿಕೊಂಡು ಎದುರು ಬರುತ್ತದಾ? ನೀವು ಇಲ್ಲದ ದಿನ ಅರಚುತ್ತದಾ, ಹಾಸಿಗೆ ಮೇಲೆ ಉಚ್ಚೆ ಹೊಯ್ಯುತ್ತದಾ, ಸಾಮಾನು ಕೆಡವುತ್ತದಾ? ಬ್ರೆಜಿಲ್‌ನಲ್ಲಿ 2020ರಲ್ಲಿ 223 ಬೆಕ್ಕುಗಳ ಬಗ್ಗೆ ಅವುಗಳ ಮಾಲೀಕರನ್ನು ಕೇಳಿದಾಗ 30 ಬೆಕ್ಕುಗಳಲ್ಲಿ ಇಂಥ ತೊಂದರೆ ಕಂಡುಬಂತು. ಆಟದ ಸಾಮಾನಿಲ್ಲದ ಮನೆಗಳಲ್ಲಿ, ಬೇರೆ ಸಾಕುಪ್ರಾಣಿ ಇಲ್ಲದ ಮನೆಗಳಲ್ಲಿ ಇದು ಜಾಸ್ತಿ ಇತ್ತು. ಹಾಸಿಗೆ ಒದ್ದೆ ಮಾಡಿದ ಬೆಕ್ಕನ್ನು ಸೇಡು ತೀರಿಸಿಕೊಳ್ಳುತ್ತಿದೆ ಅಂತ ಹೊಡೆಯುವವರಿದ್ದಾರೆ. ದಯವಿಟ್ಟು ಹೊಡೆಯಬೇಡಿ. ನಿಮ್ಮ ವಾಸನೆ ಎಲ್ಲಿ ಜಾಸ್ತಿ ಇದೆಯೋ ಅಲ್ಲಿಗೇ ಅದು ಹೋಗಿದೆ. ಭಯ ಬಿದ್ದಿದೆ, ಅಷ್ಟೇ.

ಒಂಟಿಯಾಗಿ ಇದ್ದು ಅಭ್ಯಾಸವೇ ಇಲ್ಲದ ಬೆಕ್ಕಿಗೆ, ಮುದಿ ಬೆಕ್ಕಿಗೆ, ತಾಯಿಯನ್ನು ಬೇಗ ಕಳೆದುಕೊಂಡು ಬಾಟಲಿ ಹಾಲಲ್ಲಿ ಬೆಳೆದ ಬೆಕ್ಕಿಗೆ ಇನ್ನೂ ಸ್ವಲ್ಪ ಹೆಚ್ಚು ತಯಾರಿ ಮಾಡಿ.

ಹದಿನೈದು ದಿನ ಮೊದಲು: ಒಬ್ಬರನ್ನು ಗೊತ್ತು ಮಾಡಿ

ಒಬ್ಬರನ್ನು, ಅಂದರೆ ಒಬ್ಬರನ್ನೇ. ಇವತ್ತು ಅಕ್ಕ, ನಾಳೆ ಅವರ ಮಗ, ನಾಡಿದ್ದು ಹಾಲಿನವನು ಅಂತಾದರೆ ಬೆಕ್ಕು ಯಾರನ್ನೂ ನಂಬುವುದಿಲ್ಲ. ನೆಂಟರ ಮನೆಗೆ ಬಿಟ್ಟು ಹೋಗುವುದಕ್ಕಿಂತ ಅದರ ಮನೆಯಲ್ಲೇ ಬಿಟ್ಟು, ನೋಡಿಕೊಳ್ಳುವವರು ದಿನಕ್ಕೆ ಎರಡು ಸಲ ಬಂದು ಹೋಗುವುದು ಬಹಳ ವಾಸಿ.

ಅವರನ್ನು ಹೊರಡುವ ಮೊದಲೇ ನಾಲ್ಕೈದು ದಿನ ಮನೆಗೆ ಕರೆಯಿರಿ. ನೀವು ಎದುರಿಗಿರುವಾಗಲೇ ಅವರ ಕೈಯಿಂದ ಊಟ ಹಾಕಿಸಿ. ಮೊದಲ ದಿನ ಬೆಕ್ಕು ಮಂಚದ ಕೆಳಗೇ ಇದ್ದರೆ ಇರಲಿ. ತಟ್ಟೆ ಇಟ್ಟು, ಎರಡು ಮಾತಾಡಿ ಹೋಗಲಿ. ಕೊನೆಯ ಎರಡು ದಿನ ನೀವು ಹೊರಗೆ ಹೋಗಿ, ಅವರೊಬ್ಬರೇ ಹಾಕಲಿ. ನಾನು ಇದನ್ನು ಮಾಡಿರಲಿಲ್ಲ. ಪಕ್ಕದ ಮನೆ ಅಕ್ಕನನ್ನು ಬೂದಿ ದಿನಾ ಕಾಂಪೌಂಡ್ ಮೇಲಿಂದ ನೋಡುತ್ತಿತ್ತು, ನಿಜ. ಆದರೆ ಅವರು ನಮ್ಮ ಅಡುಗೆಮನೆಯೊಳಗೆ ಬಂದದ್ದನ್ನು ಅದು ಯಾವತ್ತೂ ನೋಡಿರಲಿಲ್ಲ. ಬೆಕ್ಕಿಗೆ ಇವೆರಡೂ ಬೇರೆ ಬೇರೆ.

ಇದೇ ಹೊತ್ತಲ್ಲಿ ರೇಬಿಸ್ ಲಸಿಕೆ ಆಗಿದೆಯಾ ನೋಡಿಕೊಳ್ಳಿ. ಆಗಿಲ್ಲದಿದ್ದರೆ ತಾಲೂಕಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ನಿಮ್ಮ ಬೆಕ್ಕನ್ನು ನೋಡಿಕೊಳ್ಳಲು ಒಪ್ಪಿದವರಿಗೆ ನೀವು ಕೊಡಲೇಬೇಕಾದ ಮರ್ಯಾದೆ ಅದು. ಅಕಸ್ಮಾತ್ ಪರಚಿದರೆ, ಕಚ್ಚಿದರೆ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು ಅಂತಲೂ ಹೇಳಿಡಿ. ಅರಿಶಿನ ಮೆತ್ತಿ ಸುಮ್ಮನಿರಬಾರದು.

ವಾರ ಮೊದಲು: ಬಟ್ಟೆ ಎತ್ತಿಡಿ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಈ ಹೆಜ್ಜೆ. ಬೆಕ್ಕು ಅರ್ಧ ಲೋಕವನ್ನು ಮೂಗಿನಿಂದಲೇ ಓದುತ್ತದೆ. ಕೆನ್ನೆ, ಹಣೆ, ಗದ್ದದಲ್ಲಿ ಅದಕ್ಕೆ ವಾಸನೆಯ ಗ್ರಂಥಿಗಳಿವೆ. ಬಾಗಿಲ ಚೌಕಟ್ಟಿಗೆ, ಕುರ್ಚಿಯ ಕಾಲಿಗೆ, ನಿಮ್ಮ ಕಾಲಿಗೆ ಅದು ಕೆನ್ನೆ ಉಜ್ಜುವುದು ಅದಕ್ಕೇ. ತನ್ನ ವಾಸನೆ, ನಿಮ್ಮ ವಾಸನೆ ಬೆರೆತ ಜಾಗವೇ ಅದಕ್ಕೆ ಮನೆ.

ಅಕ್ಕ ಫೋನ್ ಮಾಡಿದ ದಿನ ನಾನು ಆಸ್ಪತ್ರೆಯಲ್ಲಿ ಅಮ್ಮ ಹೊದ್ದಿದ್ದ ಟವೆಲ್ ತೆಗೆದುಕೊಂಡು ಊರಿಗೆ ಬಂದೆ. ಬೂದಿ ಮೂಸಿತು. ಕಿವಿ ಹಿಂದಕ್ಕೆ ಮಾಡಿಕೊಂಡು ಎದ್ದು ಹೋಯಿತು. ಡೆಟಾಲ್ ವಾಸನೆ! ಆಮೇಲೆ ನನಗೆ ಹೊಳೆಯಿತು. ಅಡುಗೆಮನೆ ಬಾಗಿಲ ಹಿಂದಿನ ಮೊಳೆಯಲ್ಲಿ ಅಮ್ಮ ತೋಟಕ್ಕೆ ಉಡುವ ಹಳೇ ಸೀರೆ ನೇತಾಡುತ್ತಿತ್ತು. ಒಗೆದಿರಲಿಲ್ಲ. ಬೆವರು, ಸೊಪ್ಪಿನ ಹಾಲು, ಒಲೆ ಹೊಗೆ, ಎಲ್ಲ ಇತ್ತು ಅದರಲ್ಲಿ. ಮಡಚಿ ಒಲೆ ಪಕ್ಕ ಹಾಸಿದೆ. ಬೂದಿ ದೂರದಿಂದಲೇ ಮೂಗು ಎತ್ತಿತು. ನಿಧಾನವಾಗಿ ಬಂತು. ಸೆರಗಿನ ಕಡೆಯಿಂದ ಮೂಸುತ್ತ ಮೂಸುತ್ತ ನಡುವಿಗೆ ಬಂದು, ಎರಡು ಮುಂಗಾಲಿಂದ ಹಿಟ್ಟು ನಾದಿದ ಹಾಗೆ ತುಳಿಯಲು ಶುರು ಮಾಡಿತು. ತುಂಬಾ ಹೊತ್ತು ತುಳಿಯಿತು. ಆಮೇಲೆ ಸುತ್ತಿಕೊಂಡು ಮಲಗಿತು. ಬೆಳಿಗ್ಗೆ ತಟ್ಟೆ ಖಾಲಿ.

ಆದ್ದರಿಂದ ಹೀಗೆ ಮಾಡಿ. ನೀವು ಎರಡು ಮೂರು ದಿನ ಹಾಕಿಕೊಂಡ ಹತ್ತಿ ಬಟ್ಟೆ, ನೈಟಿ, ಬನಿಯನ್, ಲುಂಗಿ, ಯಾವುದಾದರೂ ಸರಿ, ಎರಡು ಮೂರು ತುಂಡು ಎತ್ತಿಡಿ. ಒಗೆಯಬೇಡಿ. ಸೆಂಟು, ಅಮೃತಾಂಜನ್ ಹತ್ತಿದ್ದು ಬೇಡ. ಒಂದನ್ನು ಬೆಕ್ಕು ಮಲಗುವ ಜಾಗದಲ್ಲಿ ಹಾಸಿ. ಉಳಿದದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಇಡಿ. ನಾಲ್ಕು ದಿನಕ್ಕೊಮ್ಮೆ ಹೊಸದೊಂದನ್ನು ಹಾಸಲು ನೋಡಿಕೊಳ್ಳುವವರಿಗೆ ಹೇಳಿ. ವಾಸನೆ ಗಾಳಿಗೆ ಹೋಗಿಬಿಡುತ್ತದೆ ಅಲ್ವಾ, ಅದಕ್ಕೆ. ಹೊರಡುವ ಮೊದಲು ಮನೆಯೆಲ್ಲ ಫಿನಾಯಿಲ್ ಹಾಕಿ ಒರೆಸಿ ಹೊಳೆಯಿಸುವ ಆಸೆಯನ್ನೂ ಈ ಒಂದು ಸಲ ಬಿಡಿ.

ಹೊರಡುವ ಹಿಂದಿನ ದಿನ: ಜಾಗ, ನೀರು, ಊಟ

ನೀರನ್ನು ಮೂರು ಕಡೆ ಇಡಿ. ಏಪ್ರಿಲ್‌, ಮೇ ತಿಂಗಳ ನಮ್ಮ ಬಯಲುಸೀಮೆ ಬಿಸಿಲಿಗೆ ಮಣ್ಣಿನ ಬಟ್ಟಲೇ ಒಳ್ಳೆಯದು, ನೀರು ತಣ್ಣಗಿರುತ್ತದೆ. ಊಟದ ಬಟ್ಟಲನ್ನು ನೀರು ಹಾಕಿದ ಅಗಲ ತಟ್ಟೆಯ ನಡುವೆ ಇಟ್ಟರೆ ಇರುವೆ ಹತ್ತುವುದಿಲ್ಲ.

ಹಾಕುವ ಊಟವನ್ನು ಬದಲಾಯಿಸಬೇಡಿ. ದಿನಾ ಅನ್ನ ಮೊಟ್ಟೆ ತಿನ್ನುವ ಬೆಕ್ಕಿಗೆ, ನಾವಿಲ್ಲವಲ್ಲ ಪಾಪ ಅಂತ ಹೊಸ ಪ್ಯಾಕೆಟ್ ಆಹಾರ ಶುರು ಮಾಡಿದರೆ ಹೊಟ್ಟೆಯೂ ಕೆಡುತ್ತದೆ, ಮನಸ್ಸೂ ಕೆಡುತ್ತದೆ. ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ: ಎಷ್ಟು ಹೊತ್ತಿಗೆ, ಎಷ್ಟು, ಯಾವ ಬಟ್ಟಲಲ್ಲಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ, ಅವು ಬೆಕ್ಕಿನ ರಕ್ತವನ್ನೇ ಹಾಳು ಮಾಡುತ್ತವೆ. ಹಾಲು ತುಂಬಾ ಬೆಕ್ಕುಗಳಿಗೆ ಅರಗುವುದಿಲ್ಲ, ಭೇದಿ ಆಗುತ್ತದೆ. ಇನ್ನೊಂದನ್ನು ಕೆಂಪು ಪೆನ್ನಲ್ಲಿ ಬರೆಯಿರಿ: ಜ್ವರ ಬಂದಂತಿದೆ ಅಂತ ಮನುಷ್ಯರ ಪ್ಯಾರಾಸಿಟಮಾಲ್ ಮಾತ್ರೆ ಕೊಡಲೇಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ನಾಯಿಗೆ ಹಾಕುವ ಉಣ್ಣಿ ಔಷಧಿಯೂ ಬೇಡ.

ರೇಷ್ಮೆ ಮಾಡುವವರಿಗೆ ಒಂದು ಮಾತು. ಬೆಳೆ ಮುಗಿದ ಮೇಲೆ ಹುಳು ಮನೆಗೆ ಫಾರ್ಮಲಿನ್, ಬ್ಲೀಚಿಂಗ್ ಪೌಡರ್ ಹೊಡೆಯುತ್ತೇವೆ. ನೀವಿಲ್ಲದ ದಿನಗಳಲ್ಲಿ ಆ ಕೆಲಸ ಇಟ್ಟುಕೊಳ್ಳಬೇಡಿ. ಬೆಕ್ಕು ಚಂದ್ರಿಕೆಗಳ (ಹುಳು ಗೂಡು ಕಟ್ಟುವ ತಟ್ಟಿಗಳ) ಸಂದಿಯಲ್ಲಿ ಮಲಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸುತ್ತಮುತ್ತಲ ಮನೆಗಳಲ್ಲಿ ಇಲಿ ಪಾಷಾಣ ಇಡುತ್ತಾರಾ ಅಂತ ಕೇಳಿಕೊಳ್ಳಿ. ಹಸಿದ ಬೆಕ್ಕು ದೂರ ಅಲೆಯುತ್ತದೆ.

ಹೊರಡುವ ದಿನ

ಸೂಟ್‌ಕೇಸನ್ನು ಒಂದೆರಡು ದಿನ ಮೊದಲೇ ಹೊರಗಿಟ್ಟಿರಿ, ಬೆಕ್ಕು ಅದರೊಳಗೆ ಮಲಗಿ ಅಭ್ಯಾಸ ಮಾಡಿಕೊಳ್ಳಲಿ. ಅವತ್ತು ಊಟ ಹಾಕಿ, ಸ್ವಲ್ಪ ಹೊತ್ತು ದಾರಕ್ಕೆ ಕಡ್ಡಿ ಕಟ್ಟಿ ಆಡಿಸಿ. ದಾರವನ್ನು ಎತ್ತಿಟ್ಟೇ ಹೋಗಿ, ಬೆಕ್ಕು ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ತಬ್ಬಿಕೊಂಡು ಅತ್ತು ಹೊರಡಬೇಡಿ. ನಿಮ್ಮ ಗಾಬರಿ ಅದಕ್ಕೂ ಹತ್ತುತ್ತದೆ. ಹಾಲು ತರಲು ಹೋಗುವಾಗ ಏನು ಹೇಳುತ್ತೀರೋ ಅದನ್ನೇ ಹೇಳಿ ಹೋಗಿ.

ದೂರದಲ್ಲಿದ್ದಾಗ: ಏನು ಕೇಳಬೇಕು

ಫೋನ್ ಮಾಡಿ "ಚೆನ್ನಾಗಿದೆಯಾ" ಅಂದರೆ "ಚೆನ್ನಾಗಿದೆ" ಅಂತಲೇ ಹೇಳುತ್ತಾರೆ. ಕೇಳಬೇಕಾದ್ದು ಮೂರು ಮಾತು. ನಿನ್ನೆ ಹಾಕಿದ್ದರಲ್ಲಿ ಎಷ್ಟು ತಿಂದಿದೆ? ಉಚ್ಚೆ ಹೊಯ್ದಿದೆಯಾ? ನೀವು ನಿಮ್ಮ ಕಣ್ಣಾರೆ ಅದನ್ನು ನೋಡಿದಿರಾ? ಮೂರನೆಯದನ್ನು ಬಿಡಬೇಡಿ. ತಟ್ಟೆ ಖಾಲಿಯಾದದ್ದು ಬೀದಿ ಬೆಕ್ಕಿನಿಂದಲೂ ಇರಬಹುದು.

ಒಂದು ಹೊತ್ತು ಬಿಟ್ಟರೆ ಗಾಬರಿ ಬೇಡ. ಒಂದು ದಿನ ಪೂರ್ತಿ ಬಿಟ್ಟರೆ ವಾಸನೆ ಜೋರಾಗಿರುವ ಏನಾದರೂ ಬೆಚ್ಚಗೆ ಮಾಡಿ ಹಾಕಿಸಿ. ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿ, ಅದರ ನೀರು, ಬೇಯಿಸಿದ ಮೀನು. ಮೂಳೆ, ಮುಳ್ಳು ತೆಗೆದಿರಬೇಕು. ಎರಡು ದಿನ ಏನೂ ಮುಟ್ಟದಿದ್ದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಮನುಷ್ಯರ ಹಾಗೆ ಬೆಕ್ಕು ಉಪವಾಸ ತಡೆಯುವುದಿಲ್ಲ. ಮೈಯಲ್ಲಿರುವ ಕೊಬ್ಬು ಕರಗಿ ಲಿವರಿಗೆ ತುಂಬಿಕೊಂಡು ಲಿವರೇ ಕೈಕೊಡಬಹುದು. ದಪ್ಪ ಬೆಕ್ಕಿಗೆ ಈ ಅಪಾಯ ಇನ್ನೂ ಜಾಸ್ತಿ. ಯಜಮಾನ ಇಲ್ಲದ ದುಃಖಕ್ಕೆ ಪ್ರಾಣ ಬಿಟ್ಟಿತು ಅಂತ ಹೇಳುವ ಕಥೆಗಳ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ ಅಂತ ನನಗನ್ನಿಸುತ್ತದೆ. ದುಃಖ ನಿಜ, ಆದರೆ ಸಾವನ್ನು ತಡೆಯಬಹುದಿತ್ತು.

ಗಂಡು ಬೆಕ್ಕು ಪದೇ ಪದೇ ಕುಕ್ಕರಿಸಿ ತಿಣುಕುತ್ತಿದ್ದು, ಉಚ್ಚೆ ಹನಿ ಹನಿಯಾಗಿ ಮಾತ್ರ ಬರುತ್ತಿದ್ದರೆ ಅಥವಾ ಏನೂ ಬರದಿದ್ದರೆ, ಮಾರನೇ ದಿನಕ್ಕೆ ಇಡಬೇಡಿ. ಆತಂಕವಾದಾಗ ಬೆಕ್ಕುಗಳಿಗೆ ಮೂತ್ರಚೀಲ ಊದಿಕೊಳ್ಳುವುದುಂಟು. ಗಂಡಿನ ಮೂತ್ರನಾಳ ಸಣ್ಣದು, ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣಕ್ಕೇ ಬರುತ್ತದೆ. ತಾಲೂಕಿನ ದನದ ಆಸ್ಪತ್ರೆಯಲ್ಲಿ ಆಗುವುದಿಲ್ಲ ಅಂದರೆ ಚಿಕ್ಕಬಳ್ಳಾಪುರದ ಕಡೆಯವರಿಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನೇರ ದಾರಿಯಲ್ಲೇ ಸಿಗುತ್ತದೆ.

ವಿಡಿಯೋ ಕಾಲ್ ಮಾಡಿ ಮಾತಾಡಿಸಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಬೆಕ್ಕಿಗೆ ನಿಮ್ಮ ದನಿ ಗೊತ್ತಿದೆ. ಜಪಾನಿನಲ್ಲಿ 2013ರಲ್ಲಿ 20 ಬೆಕ್ಕುಗಳಿಗೆ ಅಪರಿಚಿತರ ದನಿ, ಮಾಲೀಕರ ದನಿ ಎರಡನ್ನೂ ಸ್ಪೀಕರಿನಲ್ಲಿ ಕೇಳಿಸಿ ಇದನ್ನು ತೋರಿಸಿದ್ದಾರೆ. ಎದ್ದು ಓಡಿ ಬರಲಿಲ್ಲ, ಆದರೆ ಕಿವಿ ತಿರುಗಿಸಿದವು, ತಲೆ ಹೊರಳಿಸಿದವು. ನಾವು ಆಸ್ಪತ್ರೆಯಿಂದ ಅಮ್ಮನ ಕೈಲಿ ಮಾತಾಡಿಸಿದಾಗ ಬೂದಿ ಫೋನನ್ನು ನೋಡಲೇ ಇಲ್ಲ. ಬಾಗಿಲ ಹಿಂದೆ ನೋಡಿತು, ಹಜಾರಕ್ಕೆ ಹೋಗಿ ನೋಡಿತು, ವಾಪಸ್ ಬಂದು ಅರಚಿತು. ದನಿ ಇದೆ, ವಾಸನೆ ಇಲ್ಲ. ಅದಕ್ಕೆ ಇದು ಒಗಟು. ನಾನು ಮತ್ತೆ ಮಾಡಲಿಲ್ಲ. ನಿಮ್ಮ ಬೆಕ್ಕು ದನಿ ಕೇಳಿ ಕಣ್ಣು ಮುಚ್ಚಿ ಆರಾಮಾಗಿ ಕೂತರೆ ಮಾತಾಡಿ, ಹುಡುಕಲು ಶುರು ಮಾಡಿದರೆ ನಿಲ್ಲಿಸಿ.

ವಾಪಸ್ ಬಂದ ದಿನ: ನೀವಾಗಿ ಹಿಡಿಯಬೇಡಿ

ಹನ್ನೊಂದನೇ ದಿನ ಅಮ್ಮನನ್ನು ಕಾರಿನಿಂದ ಇಳಿಸಿದೆವು. ವಾಕರ್ ಹಿಡಿದುಕೊಂಡು ಟಕ್ ಟಕ್ ಅಂತ ಒಳಗೆ ಬಂದರು. ಬೂದಿ ಕಿಟಕಿ ಮೇಲಿತ್ತು. ಅಮ್ಮ ಕೈ ಚಾಚಿ ಕರೆದರು. ಅದು ಇಳಿದು ಬಂದು, ಕಾಲಿನ ಪಟ್ಟಿ ಮೂಸಿ, ಒಂದೇ ನೆಗೆತಕ್ಕೆ ಹಿತ್ತಲಿಗೆ ಓಡಿತು. ಅಮ್ಮನ ಕಣ್ಣಲ್ಲಿ ನೀರು. "ನೋಡೇ, ನನ್ನ ಮರೆತೇಬಿಡ್ತು."

ಮರೆತಿರಲಿಲ್ಲ. ಸ್ಪಿರಿಟ್ಟಿನ ವಾಸನೆ, ಬ್ಯಾಂಡೇಜು, ವಾಕರಿನ ಸದ್ದು, ಬದಲಾದ ನಡಿಗೆ. ಅಮ್ಮನ ದನಿ ಬಿಟ್ಟರೆ ಉಳಿದದ್ದೆಲ್ಲ ಬೇರೆಯವರದ್ದು. ಸ್ವೀಡನ್ನಿನಲ್ಲಿ 14 ಬೆಕ್ಕುಗಳನ್ನು ಅವುಗಳ ಮನೆಯಲ್ಲೇ ಒಂಟಿಯಾಗಿ ಬಿಟ್ಟು ನೋಡಿದವರು 2017ರಲ್ಲಿ ಬರೆದ ಪ್ರಕಾರ, ಅರ್ಧ ಗಂಟೆಯ ನಂತರ ಬಂದಾಗ ಕಂಡದ್ದಕ್ಕಿಂತ 4 ಗಂಟೆಯ ನಂತರ ಬಂದಾಗ ಬೆಕ್ಕುಗಳು ಹೆಚ್ಚು ಗೊರಗೊರ ಅಂದವು, ಹೆಚ್ಚು ಮೈ ಮುರಿದವು. ಎಷ್ಟು ಹೊತ್ತು ಬಿಟ್ಟು ಹೋದಿರಿ ಅನ್ನುವುದು ಅವಕ್ಕೆ ಗೊತ್ತಾಗುತ್ತದೆ ಅನ್ನಿಸುತ್ತದೆ. ಆದರೆ ಹನ್ನೊಂದು ದಿನ ಕಳೆದು, ಬೇರೆ ವಾಸನೆ ಹೊತ್ತು ಬಂದರೆ ಗುರುತು ಹಚ್ಚಲು ಅದಕ್ಕೂ ಸಮಯ ಬೇಕು.

ಬಂದ ಕೂಡಲೇ ಮೊದಲು ಕೈಕಾಲು ತೊಳೆದು, ಮನೆಯಲ್ಲೇ ಇದ್ದ ಹಳೇ ಬಟ್ಟೆ ಹಾಕಿಕೊಳ್ಳಿ. ಬೆಕ್ಕು ಮಲಗುತ್ತಿದ್ದ ಬಟ್ಟೆಯನ್ನೇ ಹೆಗಲ ಮೇಲೆ ಹಾಕಿಕೊಂಡರೆ ಇನ್ನೂ ಒಳ್ಳೆಯದು. ನೆಲದ ಮೇಲೆ ಕೂತುಕೊಳ್ಳಿ, ಆಗದಿದ್ದರೆ ಕುರ್ಚಿಯಲ್ಲಿ ಕೂತು ಒಂದು ಕೈ ಕೆಳಗೆ ಬಿಡಿ. ನೆಟ್ಟ ದೃಷ್ಟಿಯಿಂದ ನೋಡಬೇಡಿ. ಅದು ನಿಮ್ಮ ಕಡೆ ನೋಡಿದಾಗ ಕಣ್ಣನ್ನು ನಿಧಾನವಾಗಿ ಅರೆ ಮುಚ್ಚಿ, ನಿಧಾನವಾಗಿ ತೆರೆಯಿರಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಹೀಗೆ ಮಾಡಿದವರಿಗೆ ಬೆಕ್ಕುಗಳೂ ಹಾಗೇ ಕಣ್ಣು ಮುಚ್ಚಿ ತೆರೆದವು, ಹತ್ತಿರವೂ ಬಂದವು. ಅವತ್ತಿನ ಊಟವನ್ನು ನೀವೇ ಹಾಕಿ, ಹಳೇ ಹೊತ್ತಿಗೇ ಹಾಕಿ. ಓಡಿ ಹೋದರೆ ಹಿಂದೆ ಹೋಗಬೇಡಿ.

ಅಮ್ಮ ಅವತ್ತು ರಾತ್ರಿ ತೋಟದ ಸೀರೆಯನ್ನು ಮಡಿಲ ಮೇಲೆ ಹಾಕಿಕೊಂಡು ಕೂತಿದ್ದರು. ಬರಲಿಲ್ಲ. ಮಾರನೇ ರಾತ್ರಿ ಹತ್ತು ಗಂಟೆ ಇರಬಹುದು, ಮಂಚದ ಕಾಲಿಗೆ ಕೆನ್ನೆ ಉಜ್ಜಿತು. ಆಮೇಲೆ ವಾಕರಿನ ಕಾಲಿಗೆ, ನಾಲ್ಕಕ್ಕೆ ನಾಲ್ಕಕ್ಕೂ. ಆಮೇಲೆ ಮಂಚ ಹತ್ತಿ, ಆಪರೇಷನ್ ಆಗದ ಕಾಲಿನ ಪಕ್ಕ ಮಲಗಿತು.

ಮನೆಯನ್ನೇ ಬದಲಾಯಿಸುವುದಾದರೆ

ಹಳ್ಳಿಯಿಂದ ಚಿಂತಾಮಣಿಗೋ, ಕೋಲಾರಕ್ಕೋ, ತುಮಕೂರಿಗೋ ಬಾಡಿಗೆ ಮನೆಗೆ ಹೋಗುವವರು ಬೆಕ್ಕನ್ನು ಬಿಟ್ಟು ಹೋಗುವುದೇ ಹೆಚ್ಚು. ಬಿಡಬೇಡಿ. ಮರಿಯನ್ನು ಏಳು ಮನೆ ಸುತ್ತಿಸಿದರೂ ಬೆಕ್ಕು ಒಂದನ್ನೂ ಬಿಟ್ಟು ಬರುವುದಿಲ್ಲ ಅನ್ನುತ್ತಾರೆ.

ಗೋಣಿಚೀಲ ಬೇಡ. ಉಸಿರು ಕಟ್ಟುತ್ತದೆ, ಆ ಭಯ ತಿಂಗಳಾದರೂ ಹೋಗುವುದಿಲ್ಲ. ಬೆಕ್ಕಿನ ಬುಟ್ಟಿ ಕೊಳ್ಳಲು ಆಗದಿದ್ದರೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಟೊಮೆಟೊ ಕ್ರೇಟ್ ಇರುತ್ತದೆ. ಒಂದರ ಮೇಲೆ ಒಂದು ಬೋರಲು ಹಾಕಿ ಹಗ್ಗದಲ್ಲಿ ಬಿಗಿಯಾಗಿ ಕಟ್ಟಿದರೆ ಗಾಳಿಯಾಡುವ ಒಳ್ಳೆಯ ಪೆಟ್ಟಿಗೆ. ಮರಿಯಾದರೆ ತೂತಲ್ಲಿ ತಲೆ ಸಿಕ್ಕಿಕೊಳ್ಳುವುದಿಲ್ಲ ಅಂತ ನೋಡಿಕೊಳ್ಳಿ. ಹತ್ತು ದಿನ ಮೊದಲಿಂದ ಕೆಳಗಿನ ಕ್ರೇಟ್ ಒಳಗೇ ಊಟ ಹಾಕಿ, ನಿಮ್ಮ ಬಟ್ಟೆ ಹಾಸಿ. ಹೊರಡುವಾಗ ಮೇಲೆ ತೆಳು ಬಟ್ಟೆ ಮುಚ್ಚಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಐದು ನಿಮಿಷವೂ ಬಿಡಬೇಡಿ.

ಹೊಸ ಮನೆಯಲ್ಲಿ ಮೊದಲು ಒಂದೇ ರೂಮು. ಹಳೇ ಬಟ್ಟಲು, ಹಳೇ ಚಾಪೆ, ಮರಳು ತುಂಬಿದ ಟ್ರೇ. ಒಂದು ಕಾಲುಚೀಲದಿಂದ ಅದರ ಕೆನ್ನೆ ಸವರಿ, ಆ ಕಾಲುಚೀಲವನ್ನು ಬಾಗಿಲ ಚೌಕಟ್ಟಿಗೆ ಅದರ ಎತ್ತರಕ್ಕೆ ಉಜ್ಜಿ. ಆರಾಮಾಗಿ ತಿಂದು ಮಲಗಲು ಶುರು ಮಾಡಿದ ಮೇಲೆ ಉಳಿದ ರೂಮು ಬಿಡಿ. ಎರಡು ಮೂರು ವಾರವಾದರೂ ಹೊರಗೆ ಬಿಡಬಾರದು. ಬೇಗ ಬಿಟ್ಟರೆ ಹಳೇ ಮನೆ ಹುಡುಕಿಕೊಂಡು ಹೊರಡುತ್ತದೆ, ನಡುವೆ ಹೈವೇ ಇರುತ್ತದೆ. ಮೊದಲ ಸಲ ಬಿಡುವಾಗ ಊಟಕ್ಕೆ ಮುಂಚೆ ಬಿಡಿ, ಹಸಿವು ವಾಪಸ್ ಕರೆತರುತ್ತದೆ.

ಸಾಕಿದವರೇ ತೀರಿಹೋದರೆ

ಸಾವಾದ ಮನೆಯಲ್ಲಿ ಬೆಕ್ಕನ್ನು ಯಾರೂ ನೆನೆಯುವುದಿಲ್ಲ. ಜನ ತುಂಬಿರುತ್ತಾರೆ, ಅದು ಅಟ್ಟದ ಮೇಲೋ ಹಿತ್ತಲಲ್ಲೋ ಅವಿತಿರುತ್ತದೆ. ಮನೆ ತೊಳೆಯುತ್ತಾರೆ, ಬಟ್ಟೆಯೆಲ್ಲ ಕೊಟ್ಟುಬಿಡುತ್ತಾರೆ. ಒಂದೇ ವಾರದಲ್ಲಿ ಅದರ ಪಾಲಿಗೆ ಮನುಷ್ಯರೂ ಇಲ್ಲ, ವಾಸನೆಯೂ ಇಲ್ಲ. ನಿಮಗೆ ಆ ಮನೆಯ ಪರಿಚಯವಿದ್ದರೆ ಅವರು ಹೊದೆಯುತ್ತಿದ್ದ ಒಂದು ಟವೆಲ್ಲನ್ನಾದರೂ ಒಗೆಯದೆ ತೆಗೆದಿಡಿಸಿ, ಬೆಕ್ಕು ಮಲಗುವ ಜಾಗದಲ್ಲಿ ಹಾಕಿ. ಮನೆಯವರಲ್ಲಿ ಒಬ್ಬರು, ದಿನಾ ಅದೇ ಹೊತ್ತಿಗೆ, ಅದೇ ಬಟ್ಟಲಲ್ಲಿ ಊಟ ಹಾಕಲಿ. ಹಾಕಿ, ಅದು ತಿನ್ನುವವರೆಗೂ ಪಕ್ಕದಲ್ಲಿ ಕೂತಿರಲಿ.